ಸ್ಕ್ಯಾನಿಗೆ ಸಿಗದ ತಲೆನೋವು

ತಲೆನೋವು ನಮ್ಮಲ್ಲಿ ಕಾಯಿಲೆಗಿಂತ ಹೆಚ್ಚಾಗಿ ನೆಪ. ಮದುವೆ ಮನೆಗೆ ಹೋಗಲು ಮನಸ್ಸಿಲ್ಲದವರಿಗೂ ತಲೆನೋವು, ಆಫೀಸಿನಲ್ಲಿ ಅರ್ಧ ದಿನ ರಜೆ ಬೇಕಾದವರಿಗೂ ತಲೆನೋವು. ತಾಲ್ಲೂಕು ಕಚೇರಿಯಲ್ಲಿ ಕಡತ ಮುಂದಕ್ಕೆ ಹೋಗದಿದ್ದರೆ ಅದಕ್ಕೂ ‘ದೊಡ್ಡ ತಲೆನೋವು’ ಎಂದೇ ಹೆಸರು. ಹೀಗೆ ಎಲ್ಲರ ಬಾಯಲ್ಲೂ ಸವೆದುಹೋದ ದೂರೊಂದನ್ನು ಹಿಡಿದುಕೊಂಡು ಒಬ್ಬಾತ ವೈದ್ಯರ ಮುಂದೆ ಕೂತರೆ, ಅವನದು ಸಾವಿರದಲ್ಲೊಬ್ಬರಿಗೆ ಬರುವ ನೋವು ಎಂದು ಥಟ್ಟನೆ ಯಾರಿಗೆ ಹೊಳೆಯಬೇಕು?

ಹೊಳೆಯದಿರುವುದಕ್ಕೆ ಲೆಕ್ಕವೂ ಒಂದು ಕಾರಣ. ನಿಮ್ಹಾನ್ಸ್‌ನ ಸಂಶೋಧಕರು ಕೆಲವು ವರ್ಷಗಳ ಹಿಂದೆ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮಾತಾಡಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ಶೇ. 63.9. ಮೈಗ್ರೇನ್ ಇದ್ದವರೇ ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರು. ಈ ಜಾತ್ರೆಯಲ್ಲಿ ಅಪರೂಪದ ತಲೆನೋವಿನವರು ಕೈತಪ್ಪಿದ ಮಗುವಿನಂತೆ ಕಳೆದುಹೋಗುತ್ತಾರೆ. ಬಾಯಿಬಿಟ್ಟು ಅತ್ತರೂ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಅಂಥವರ ಅಲೆದಾಟಕ್ಕೆ ಒಂದು ದಾರಿ ಬಿದ್ದುಬಿಟ್ಟಿದೆ. ನೋವು ಒಂದೇ ಕಣ್ಣಿನ ಹಿಂದೆ, ಜೊತೆಗೆ ಮೂಗು ಸೋರುತ್ತದೆ. ಹಾಗಾಗಿ ಮೊದಲ ನಿಲ್ದಾಣ ಇಎನ್‌ಟಿ. ‘ಸೈನಸ್ ಇದೆ’ ಎಂಬ ತೀರ್ಪು, ಹಬೆ, ಆಂಟಿಬಯಾಟಿಕ್, ಕೆಲವೊಮ್ಮೆ ಮೂಗಿನ ಮೂಳೆಯ ಶಸ್ತ್ರಚಿಕಿತ್ಸೆ. ನೋವು ದವಡೆಗೆ ಇಳಿದರೆ ದಂತವೈದ್ಯರು. ಗಟ್ಟಿಮುಟ್ಟಾದ ಹಲ್ಲನ್ನು ಕೀಳಿಸಿಕೊಂಡು ಬಂದವರ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಎಷ್ಟು ಬೇಕಾದರೂ ಇವೆ. ಕಣ್ಣು ಕೆಂಪಗಾಗುವುದರಿಂದ ಕಣ್ಣಿನ ವೈದ್ಯರು, ಹೊಸ ಕನ್ನಡಕ. ಮನೆಯಲ್ಲಿ ಅಜ್ಜಿ ಇದ್ದರೆ ‘ಪಿತ್ತ ಕೆರಳಿದೆ’ ಎಂದು ನಿಂಬೆಹಣ್ಣಿನ ಪಾನಕ, ಹಣೆಗೆ ಶುಂಠಿ ಪಟ್ಟು. ಕಡೆಗೆ ಎಂಆರ್‌ಐ. ವರದಿಯಲ್ಲಿ ‘ನಾರ್ಮಲ್’ ಎಂದು ಬಂದದ್ದನ್ನು ನೋಡಿ ಮನೆಯವರು ನಿಟ್ಟುಸಿರು ಬಿಡುತ್ತಾರೆ, ರೋಗಿ ಕುಸಿದು ಕೂರುತ್ತಾನೆ. ಏನೂ ಇಲ್ಲ ಎಂದಮೇಲೆ ಈ ನೋವು ಎಲ್ಲಿಂದ ಬಂತು? ಆಮೇಲಿನ ಮಾತು ಎಲ್ಲರಿಗೂ ಗೊತ್ತು: ‘ಟೆನ್ಷನ್ ಜಾಸ್ತಿ ಮಾಡ್ಕೋತೀರ, ಅಷ್ಟೆ.’

ಸೈನಸ್ ಎಂಬ ಹಣೆಪಟ್ಟಿ ಎಷ್ಟು ಸಡಿಲವಾಗಿ ಅಂಟುತ್ತದೆ ಎಂಬುದಕ್ಕೆ ಅಮೆರಿಕದ ಅಧ್ಯಯನವೊಂದು ಸಾಕ್ಷಿ. ತಮಗೆ ಸೈನಸ್ ತಲೆನೋವು ಇದೆ ಎಂದು ತಾವೇ ನಂಬಿದ್ದ ಅಥವಾ ವೈದ್ಯರಿಂದ ಹೇಳಿಸಿಕೊಂಡಿದ್ದ 2,991 ಜನರನ್ನು ಕೂರಿಸಿ ವಿವರವಾಗಿ ಪ್ರಶ್ನಿಸಿದಾಗ ಶೇ. 88ರಷ್ಟು ಮಂದಿಯ ನೋವು ಮೈಗ್ರೇನ್ ಬಗೆಯದಾಗಿತ್ತು. 2004ರಲ್ಲಿ ಇದು ಪ್ರಕಟವಾಯಿತು. ನಾಲ್ವರಲ್ಲೊಬ್ಬರಿಗೆ ಇರುವ ಮೈಗ್ರೇನಿನ ಗತಿಯೇ ಹೀಗಾದರೆ ಸಾವಿರಕ್ಕೊಬ್ಬರ ಕಾಯಿಲೆಯ ಗತಿ ಊಹಿಸಿಕೊಳ್ಳಬಹುದು.

ತಮಾಷೆಯೆಂದರೆ, ಇಂಥ ನೋವನ್ನು ಸ್ಪಷ್ಟವಾಗಿ ಗುರುತಿಸಿದ ವೈದ್ಯರು ಎಕ್ಸ್‌ರೇ ಕೂಡ ಇಲ್ಲದ ಕಾಲದಲ್ಲೇ ಇದ್ದರು. ಡಚ್ ವೈದ್ಯ ಗೆರಾರ್ಡ್ ವಾನ್ ಸ್ವೀಟೆನ್ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾಳ ಆಸ್ಥಾನ ವೈದ್ಯನಾಗಿದ್ದವನು. 1745ರಲ್ಲಿ ಆತ ಒಬ್ಬ ರೋಗಿಯ ವಿವರ ಬರೆದಿಟ್ಟ. ಆರೋಗ್ಯವಂತ, ದೃಢಕಾಯದ ನಡುವಯಸ್ಸಿನ ಗಂಡಸು. ಪ್ರತಿದಿನ ಅದೇ ಹೊತ್ತಿಗೆ, ಎಡಗಣ್ಣಿನ ಮೇಲ್ಭಾಗದಲ್ಲೇ ನೋವು ಶುರು. ಸ್ವಲ್ಪ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕಣ್ಣುಗುಡ್ಡೆಯನ್ನು ಯಾರೋ ನಿಧಾನವಾಗಿ ಹೊರಕ್ಕೆ ತಳ್ಳುತ್ತಿರುವಂತೆ ಅನ್ನಿಸುತ್ತದೆ, ಹುಚ್ಚೇ ಹಿಡಿಯುವಷ್ಟು ಯಾತನೆ. ಕೆಲವು ಗಂಟೆಗಳ ನಂತರ ಎಲ್ಲವೂ ಮಾಯ, ಕಣ್ಣಿನಲ್ಲಿ ಏನೂ ದೋಷವಿಲ್ಲ. ಇವತ್ತಿನ ಅಂತರರಾಷ್ಟ್ರೀಯ ಮಾನದಂಡಗಳನ್ನು ಪಕ್ಕದಲ್ಲಿಟ್ಟು ಓದಿದರೆ ಇದು ಅಕ್ಷರಶಃ ಕ್ಲಸ್ಟರ್ ತಲೆನೋವು. ವಾನ್ ಸ್ವೀಟೆನ್ ಬಳಿ ಯಾವ ಉಪಕರಣವೂ ಇರಲಿಲ್ಲ. ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಕಡೆ ಬರುತ್ತದೆ, ಜೊತೆಗೆ ಇನ್ನೇನಾಗುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಕೇಳುವ ತಾಳ್ಮೆ ಇತ್ತು.

ಇವತ್ತಿಗೂ ಅಪರೂಪದ ತಲೆನೋವುಗಳ ಪತ್ತೆ ನಡೆಯುವುದು ಇದೇ ಪ್ರಶ್ನೆಗಳಿಂದ. ಸ್ಕ್ಯಾನ್ ಮಾಡುವ ಕೆಲಸ ಬೇರೆ: ಗಡ್ಡೆ, ರಕ್ತಸ್ರಾವ, ಸೋಂಕು ಇಲ್ಲವೆಂದು ಖಾತ್ರಿಪಡಿಸುವುದು. ಅದು ಬೇಡವೆಂದು ಯಾರೂ ಹೇಳಬಾರದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ ಕೆಲವೊಮ್ಮೆ ಕ್ಲಸ್ಟರಿನ ವೇಷ ಹಾಕಿಕೊಂಡು ಬರುತ್ತದೆ, ಆದ್ದರಿಂದ ಒಂದು ಸಲ ಸರಿಯಾದ ಎಂಆರ್‌ಐ ಆಗಲೇಬೇಕು. ಆದರೆ ಅದೇ ಎಂಆರ್‌ಐಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಮೂರು ಸಲ ಮಾಡಿಸಿದರೆ ಬ್ಯಾಂಕ್ ಖಾತೆ ಹಗುರವಾಗುತ್ತದೆಯೇ ಹೊರತು ಕಾಯಿಲೆಗೆ ಹೆಸರು ಸಿಗುವುದಿಲ್ಲ.

ಕ್ಲಸ್ಟರ್ ತಲೆನೋವು ಈ ಗುಂಪಿನಲ್ಲಿ ಹೆಚ್ಚು ಪರಿಚಿತ. ಒಂದು ದಾಳಿ 15 ನಿಮಿಷದಿಂದ ಮೂರು ಗಂಟೆ. ದಿನ ಬಿಟ್ಟು ದಿನ ಒಂದು, ಜೋರಾದಾಗ ದಿನಕ್ಕೆ ಎಂಟು. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೆ ಸಾಲಾಗಿ ಬಂದು, ಆಮೇಲೆ ಎಷ್ಟೋ ತಿಂಗಳು ಸುಳಿವೇ ಇರುವುದಿಲ್ಲ. ಕೆಲವರಿಗೆ ಮಾತ್ರ ಬಿಡುವಿಲ್ಲದೆ ವರ್ಷವಿಡೀ ಕಾಡುತ್ತದೆ, ಅದು ದೀರ್ಘಕಾಲಿಕ ಕ್ಲಸ್ಟರ್. ಅನೇಕರಿಗೆ ರಾತ್ರಿ ಮಲಗಿದ ಒಂದೆರಡು ಗಂಟೆಗೆ, ಅಲಾರಂ ಇಟ್ಟಂತೆ, ಎಬ್ಬಿಸುತ್ತದೆ. ಕಾಯಿಲೆ ನಡೆಯುತ್ತಿರುವ ದಿನಗಳಲ್ಲಿ ಒಂದು ಗುಟುಕು ಮದ್ಯ ಹೋದರೂ ಗಂಟೆಯೊಳಗೆ ದಾಳಿ.

ಮೈಗ್ರೇನಿನಿಂದ ಇದನ್ನು ಬೇರ್ಪಡಿಸುವ ಗುರುತು ಮನೆಯವರ ಕಣ್ಣಿಗೇ ಬೀಳುತ್ತದೆ. ಮೈಗ್ರೇನ್ ಬಂದವರು ಕಿಟಕಿ ಪರದೆ ಎಳೆದು, ಟಿವಿ ಆರಿಸಿ, ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರಿಗೆ ಮಲಗುವುದು ಸಾಧ್ಯವೇ ಇಲ್ಲ. ಹಾಲಿನಿಂದ ವರಾಂಡಕ್ಕೆ, ವರಾಂಡದಿಂದ ಹಾಲಿಗೆ ಓಡಾಡುತ್ತಾರೆ, ಕೂತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ, ಗೋಡೆಗೆ ತಲೆ ಚಚ್ಚಿಕೊಳ್ಳುವವರೂ ಇದ್ದಾರೆ. ವೈದ್ಯರ ಕೊಠಡಿಗೆ ಬರುವಾಗ ದಾಳಿ ಮುಗಿದು ರೋಗಿ ಶಾಂತನಾಗಿರುತ್ತಾನೆ, ಹಾಗಾಗಿ ಇದನ್ನು ಹೇಳಬೇಕಾದವರು ಹೆಂಡತಿಯೋ ತಮ್ಮನೋ. ಅವರನ್ನು ‘ನೀವು ಹೊರಗೆ ಕೂತಿರಿ’ ಎಂದು ಕಳಿಸಿಬಿಟ್ಟರೆ ಅರ್ಧ ರೋಗನಿದಾನ ಬಾಗಿಲಾಚೆ ಹೋದಂತೆ. ದಾಳಿಯ ಸಮಯದಲ್ಲಿ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಕೆಲವೊಮ್ಮೆ ದಪ್ಪ ಫೈಲಿಗಿಂತ ಹೆಚ್ಚು ಹೇಳುತ್ತದೆ: ಜೋತುಬಿದ್ದ ರೆಪ್ಪೆ, ಕೆಂಪು ಕಣ್ಣು, ಅದೇ ಬದಿಯ ಮೂಗಿನಿಂದ ಇಳಿಯುವ ನೀರು.

ಮೂಗೇಕೆ ಸೋರಬೇಕು? ಮುಖದ ಸಂವೇದನೆಯನ್ನು ಮೆದುಳಿಗೆ ಒಯ್ಯುವುದು ಟ್ರೈಜೆಮಿನಲ್ ನರ. ಅದು ಕೆರಳಿದಾಗ ಮೆದುಳಿನ ಕಾಂಡದಲ್ಲಿ ಒಂದು ಪ್ರತಿವರ್ತನೆ ಚಾಲೂ ಆಗಿ, ಕಣ್ಣೀರು ಮತ್ತು ಮೂಗಿನ ಗ್ರಂಥಿಗಳನ್ನು ಆಳುವ ಸ್ವಾಯತ್ತ ನರಗಳೂ ಎದ್ದು ಕೂರುತ್ತವೆ. ಅಂದರೆ ಸೋರುವಿಕೆ ನೋವಿನ ಕಾರಣವಲ್ಲ, ಅದರ ಫಲ. ಗಡಿಯಾರದ ಕರಾರುವಾಕ್ಕಿಗೂ ವಿವರಣೆ ಇದೆ. 1998ರಲ್ಲಿ ಆರ್ನೆ ಮೇ ಮತ್ತು ಸಂಗಡಿಗರು ದಾಳಿಯ ಹೊತ್ತಿನಲ್ಲೇ ಪೆಟ್ ಸ್ಕ್ಯಾನ್ ಮಾಡಿ, ಹೈಪೊಥಲಾಮಸ್‌ನ ಭಾಗ ಸಕ್ರಿಯವಾಗುವುದನ್ನು ತೋರಿಸಿದರು. ನಮ್ಮ ನಿದ್ದೆ ಎಚ್ಚರಗಳ ಸಮಯ ನೋಡಿಕೊಳ್ಳುವ ಪ್ರದೇಶವೇ ಅದು. ಸಂಶೋಧನೆಯ ಕೊಠಡಿಯಲ್ಲಿ ಸ್ಕ್ಯಾನಿಗೂ ಈ ನೋವು ಸಿಕ್ಕಿತು ಎನ್ನಬಹುದು. ಊರಿನ ಸ್ಕ್ಯಾನ್ ಸೆಂಟರಿನಲ್ಲಿ ಅಲ್ಲ.

ಹೆಸರು ಸಿಕ್ಕಲು ಮಾತ್ರ ತುಂಬಾ ಕಾಲ ಹಿಡಿಯಿತು. ಲಂಡನ್ನಿನ ವಿಲ್‌ಫ್ರೆಡ್ ಹ್ಯಾರಿಸ್ 1926ರಲ್ಲಿ ಒಂದು ಹೆಸರು ಕೊಟ್ಟರು, ಅಮೆರಿಕದ ಮೇಯೊ ಕ್ಲಿನಿಕ್ಕಿನ ಬೇಯರ್ಡ್ ಹಾರ್ಟನ್ 1939ರಲ್ಲಿ ಇನ್ನೊಂದು. ‘ಕ್ಲಸ್ಟರ್’ ಎಂಬುದು ಚಾಲ್ತಿಗೆ ಬಂದದ್ದು 1950ರ ದಶಕದಲ್ಲಿ. ಹಾರ್ಟನ್ ಹಿಸ್ಟಮಿನ್ ಎಂಬ ರಾಸಾಯನಿಕವೇ ಇದಕ್ಕೆಲ್ಲ ಕಾರಣ ಎಂದು ನಂಬಿದ್ದರು. ಅದು ನಿಲ್ಲಲಿಲ್ಲ. ಆದರೆ ಅವರು ಪ್ರಯತ್ನಿಸಿದ ಇನ್ನೊಂದು ಉಪಾಯ ನಿಂತಿತು: ಆಮ್ಲಜನಕ.

1981ರಲ್ಲಿ ಕ್ಯಾಲಿಫೋರ್ನಿಯದ ತಲೆನೋವು ತಜ್ಞ ಲೀ ಕುಡ್ರೊ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. (‘ಫ್ರೆಂಡ್ಸ್’ ಧಾರಾವಾಹಿಯ ಫೀಬಿ ಪಾತ್ರಧಾರಿ ಲೀಸಾ ಕುಡ್ರೊ ಇವರ ಮಗಳು. ನಟಿಯಾಗುವ ಮುನ್ನ ಅಪ್ಪನ ಸಂಶೋಧನೆಯಲ್ಲಿ ಕೆಲಸ ಮಾಡಿದ್ದವರು.) ಸಂದೇಹಕ್ಕೆ ಎಡೆಯಿಲ್ಲದ ಪುರಾವೆ ಬಂದದ್ದು 2009ರಲ್ಲಿ, ಲಂಡನ್ನಿನ ಅನ್ನಾ ಕೋಹೆನ್, ಬ್ರಯಾನ್ ಬರ್ನ್ಸ್ ಮತ್ತು ಪೀಟರ್ ಗೋಡ್ಸ್‌ಬಿ ಅವರಿಂದ. ರೋಗಿಗಳಿಗೆ ಕೆಲವು ದಾಳಿಗಳಲ್ಲಿ ನಿಮಿಷಕ್ಕೆ 12 ಲೀಟರಿನಂತೆ ಶುದ್ಧ ಆಮ್ಲಜನಕ, ಕೆಲವು ದಾಳಿಗಳಲ್ಲಿ ಬರಿಯ ಗಾಳಿ. ಯಾವುದು ಯಾವುದೆಂದು ಅವರಿಗೆ ಗೊತ್ತಿಲ್ಲ. ಹದಿನೈದು ನಿಮಿಷಕ್ಕೆ ನೋವು ನಿಂತದ್ದು ಆಮ್ಲಜನಕದಿಂದ ಶೇ. 78 ದಾಳಿಗಳಲ್ಲಿ, ಗಾಳಿಯಿಂದ ಶೇ. 20ರಲ್ಲಿ.

ಕೋವಿಡ್ ಬಂದು ಹೋದಮೇಲೆ ಆಮ್ಲಜನಕದ ಸಿಲಿಂಡರ್ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಆದರೂ ಕ್ಲಸ್ಟರ್ ರೋಗಿಗೆ ಅದನ್ನು ಬರೆದುಕೊಡುವವರು ಕಡಿಮೆ, ಬರೆದುಕೊಟ್ಟರೂ ತಪ್ಪಾಗಿ ಬಳಕೆಯಾಗುವುದು ಹೆಚ್ಚು. ಮೂಗಿಗೆ ಸಿಕ್ಕಿಸುವ ತೆಳು ನಳಿಕೆಯಲ್ಲಿ ನಿಮಿಷಕ್ಕೆ ನಾಲ್ಕು ಲೀಟರ್ ಬಿಟ್ಟರೆ ಪ್ರಯೋಜನವಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಚೀಲವಿರುವ ಮಾಸ್ಕ್ ಬೇಕು, 12 ಲೀಟರ್ ಅಥವಾ ಅದಕ್ಕೂ ಹೆಚ್ಚಿನ ಹರಿವು ಬೇಕು, ದಾಳಿ ಶುರುವಾದ ಕೂಡಲೇ ಹಚ್ಚಬೇಕು. ಕೋವಿಡ್ ಕಾಲದಲ್ಲಿ ಕೊಂಡು ಮೂಲೆಯಲ್ಲಿಟ್ಟ ಕಾನ್ಸಂಟ್ರೇಟರ್ ಸಾಮಾನ್ಯವಾಗಿ ಅಷ್ಟು ಹರಿವು ಕೊಡುವುದಿಲ್ಲ. ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚುವಂತಿಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಈ ರೋಗಿಗಳಲ್ಲಿ ಧೂಮಪಾನಿಗಳು ಬಹಳ. ದಾಳಿ ತಡೆಯಲು ಸುಮಾಟ್ರಿಪ್ಟಾನ್ ಚುಚ್ಚುಮದ್ದೂ ಇದೆ. ದಾಳಿಗಳೇ ಬರದಂತೆ ನೋಡಿಕೊಳ್ಳಲು ವೆರಾಪಮಿಲ್ ಎಂಬ, ಮೂಲತಃ ಹೃದಯ ಮತ್ತು ರಕ್ತದೊತ್ತಡಕ್ಕೆ ಕೊಡುವ ಮಾತ್ರೆ. ಅದರ ಪ್ರಮಾಣ ಏರಿಸುತ್ತ ಹೋಗುವಾಗ ಇಸಿಜಿ ಮಾಡಿಸುತ್ತಿರಬೇಕು.

ಈಗ ಈ ಕುಟುಂಬದ ಅತ್ಯಂತ ಕುತೂಹಲದ ಸದಸ್ಯರ ವಿಷಯ.

1974ರಲ್ಲಿ ನಾರ್ವೆಯ ಒಟ್ಟಾರ್ ಸ್ಯೋಸ್ಟಾಡ್ ಮತ್ತು ಇಂಗೆ ಡಾಲೆ ಎಂಬ ವೈದ್ಯರು ಒಂದು ಚಿಕ್ಕ ಪ್ರಬಂಧ ಬರೆದರು. ‘ಹೊಸ’ ಬಗೆಯ ತಲೆನೋವು ಎಂದು ಶೀರ್ಷಿಕೆಯಲ್ಲಿ ಹೇಳಿ, ಆ ‘ಹೊಸ’ ಪದದ ಪಕ್ಕದಲ್ಲೇ ಕಂಸದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ವೈದ್ಯಕೀಯ ಪತ್ರಿಕೆಗಳಲ್ಲಿ ಅಪರೂಪಕ್ಕೆ ಕಾಣುವ ವಿನಯ ಅದು. ನೋಡಲು ಕ್ಲಸ್ಟರಿನಂತೆಯೇ: ಒಂದೇ ಬದಿ, ಕಣ್ಣೀರು, ಮೂಗು ಸೋರಿಕೆ. ಆದರೆ ದಾಳಿಗಳು ಚಿಕ್ಕವು, ಎರಡರಿಂದ ಮೂವತ್ತು ನಿಮಿಷ. ಸಂಖ್ಯೆ ಹೆಚ್ಚು, ದಿನಕ್ಕೆ ಐದಕ್ಕೂ ಮೇಲೆ, ಕೆಲವರಿಗೆ ಹತ್ತಿಪ್ಪತ್ತು. ಕ್ಲಸ್ಟರಿನಲ್ಲಿ ಗಂಡಸರು ಹೆಚ್ಚಾದರೆ ಇಲ್ಲಿ ಹಾಗಿಲ್ಲ. ಬೇರೆ ಔಷಧಗಳಿಗೆ ಜಗ್ಗದ ನೋವು ಇಂಡೊಮೆಥಾಸಿನ್ ಎಂಬ ಮಾತ್ರೆಗೆ ಪೂರ್ತಿ ನಿಂತುಬಿಟ್ಟಿತು. ಕಡಿಮೆಯಾಯಿತು ಎಂದಲ್ಲ, ನಿಂತಿತು. ಅದೇನೂ ದುಬಾರಿ ಸಂಶೋಧನೆಯ ಫಲವಲ್ಲ. 1960ರ ದಶಕದಿಂದ ಸಂಧಿವಾತಕ್ಕೆ, ಗೌಟ್‌ಗೆ ಕೊಡುತ್ತಿದ್ದ ಹಳೆಯ ಮಾತ್ರೆ. ಈ ಕಾಯಿಲೆಗೆ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂದು ಹೆಸರಾಯಿತು.

ಹತ್ತು ವರ್ಷದ ನಂತರ, 1984ರಲ್ಲಿ, ಸ್ಯೋಸ್ಟಾಡ್ ಮತ್ತು ಸ್ಪಿಯರಿಂಗ್ಸ್ ಇಬ್ಬರು ರೋಗಿಗಳ ಆಧಾರದ ಮೇಲೆ ಇನ್ನೊಂದನ್ನು ಹೊರತಂದರು: ಹೆಮಿಕ್ರೇನಿಯಾ ಕಂಟಿನ್ಯುವಾ. ಇಲ್ಲಿ ದಾಳಿಗಳ ನಡುವೆ ಬಿಡುವೇ ಇಲ್ಲ. ತಲೆಯ ಒಂದೇ ಅರ್ಧದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ, ಹಗಲೂ ರಾತ್ರಿ, ಸಣ್ಣಗೆ ಉರಿಯುವ ನೋವು. ನಡುನಡುವೆ ಅದು ಭಗ್ಗನೆ ಏರುತ್ತದೆ, ಏರಿದಾಗ ಕಣ್ಣೀರು, ರೆಪ್ಪೆ ಇಳಿಯುವುದು, ಕಣ್ಣಿನಲ್ಲಿ ಮರಳು ಬಿದ್ದಂತೆ ಕಿರಿಕಿರಿ. ರೋಗಿ ಏರಿದ ನೋವನ್ನಷ್ಟೇ ವರ್ಣಿಸುತ್ತಾನೆ, ಏಕೆಂದರೆ ಸಣ್ಣ ನೋವಿಗೆ ಅವನು ಹೊಂದಿಕೊಂಡುಬಿಟ್ಟಿರುತ್ತಾನೆ. ವೈದ್ಯರು ಅದನ್ನು ಕೇಳಿ ಮೈಗ್ರೇನ್ ಎಂದು ಬರೆಯುತ್ತಾರೆ. ‘ನಡುವೆ ತಲೆ ಪೂರ್ತಿ ಹಗುರವಾಗುವ ಒಂದು ಗಂಟೆಯಾದರೂ ಇದೆಯೇ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು.

ಈ ಎರಡು ಕಾಯಿಲೆಗಳ ವಿಚಿತ್ರವೆಂದರೆ ಇಲ್ಲಿ ಔಷಧವೇ ಪರೀಕ್ಷೆ. ಇಂಡೊಮೆಥಾಸಿನ್‌ಗೆ ನೋವು ಸಂಪೂರ್ಣ ನಿಲ್ಲಬೇಕು ಎಂಬುದು ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕಾಯಿಲೆಯ ಲಕ್ಷಣಗಳ ಜೊತೆಗೇ ಬರೆದಿರುವ ಷರತ್ತು. ಅದೇ ಜಾತಿಯ ಐಬುಪ್ರೊಫೆನ್, ಡೈಕ್ಲೊಫಿನಾಕ್ ಈ ಕೆಲಸ ಮಾಡುವುದಿಲ್ಲ. ಇಂಡೊಮೆಥಾಸಿನ್‌ಗೆ ಮಾತ್ರ ಈ ಗುಣ ಏಕೆ ಎಂಬುದು ಐವತ್ತು ವರ್ಷವಾದರೂ ವಿಜ್ಞಾನಕ್ಕೆ ಬಿಡಿಸಲಾಗದ ಗಂಟು.

ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ವೈದ್ಯರು ಸರಿಯಾಗಿಯೇ ಸಂಶಯಪಟ್ಟು ಇಂಡೊಮೆಥಾಸಿನ್ 25 ಮಿಲಿಗ್ರಾಮಿನದನ್ನು ದಿನಕ್ಕೆರಡು ಬಾರಿಯಂತೆ ಮೂರು ದಿನಕ್ಕೆ ಬರೆಯುತ್ತಾರೆ. ನೋವು ಹೋಗುವುದಿಲ್ಲ. ‘ಇದಲ್ಲ’ ಎಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ಮುಂದಿನ ವೈದ್ಯರು ಹಳೆ ಚೀಟಿ ನೋಡಿ, ಇದನ್ನು ಕೊಟ್ಟು ನೋಡಿ ಆಗಿದೆ ಎಂದು ಆ ಬಾಗಿಲನ್ನೇ ಮುಚ್ಚುತ್ತಾರೆ. ಮಾನದಂಡ ಹೇಳುವುದು ಬೇರೆ: ವಯಸ್ಕರಿಗೆ ದಿನಕ್ಕೆ ಕನಿಷ್ಠ 150 ಮಿಲಿಗ್ರಾಮಿನವರೆಗೆ, ಬೇಕಾದರೆ 225ರವರೆಗೆ ಹಂತಹಂತವಾಗಿ ಏರಿಸಿದ ಮೇಲೆಯೇ ಇಲ್ಲವೆನ್ನಬೇಕು. ಕಡಿಮೆ ಪ್ರಮಾಣದಲ್ಲಿ ಕೊಟ್ಟು ಕೈಬಿಟ್ಟ ಪರೀಕ್ಷೆ, ಮಾಡದ ಪರೀಕ್ಷೆಗಿಂತ ಕೆಟ್ಟದ್ದು.

ಹಾಗೆಂದು ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡುವಂತಿಲ್ಲ. ಇಂಡೊಮೆಥಾಸಿನ್ ಹೊಟ್ಟೆಗೆ ಕ್ರೂರಿ. ಹುಣ್ಣು ಮಾಡುತ್ತದೆ, ರಕ್ತಸ್ರಾವ ಮಾಡಿಸುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನಷ್ಟು ಕೆಡಿಸುತ್ತದೆ. ಹೃದ್ರೋಗಿಗಳಿಗೆ, ಗರ್ಭಿಣಿಯರಿಗೆ ಅಪಾಯ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯನ್ನು ಜೊತೆಗಿಟ್ಟು, ನೋವು ನಿಂತಮೇಲೆ ಎಷ್ಟು ಕಡಿಮೆ ಪ್ರಮಾಣದಲ್ಲಿ ಅದನ್ನು ಹಿಡಿದಿಡಬಹುದು ಎಂದು ಇಳಿಸುತ್ತ ಬರುವುದು ನರರೋಗ ತಜ್ಞರ ಕೆಲಸ. ತಾಳದವರಿಗೆ ನರದ ಸುತ್ತ ಕೊಡುವ ಚುಚ್ಚುಮದ್ದಿನಂಥ ಬೇರೆ ದಾರಿಗಳಿವೆ. ಇಂಡೊಮೆಥಾಸಿನ್‌ನಷ್ಟು ಖಚಿತವಾದದ್ದು ಮಾತ್ರ ಬೇರೊಂದಿಲ್ಲ.

ಗಡಿಯಾರದ ಮುಳ್ಳು ಇನ್ನೂ ಚಿಕ್ಕದಾದರೆ ಕಾಯಿಲೆಯೂ ಬದಲು. ಸೆಕೆಂಡುಗಳ ಲೆಕ್ಕದಲ್ಲಿ, ದಿನಕ್ಕೆ ಹತ್ತಾರು ಸಲ, ಕಣ್ಣಿನ ಸುತ್ತ ಚುಚ್ಚಿ ಚುಚ್ಚಿ ಹೋಗುವ ನೋವಿಗೆ ಸಂಕ್ಟ್ ಎಂದು ಹೆಸರು. ಅದಕ್ಕೆ ಇಂಡೊಮೆಥಾಸಿನ್ ನಾಟುವುದಿಲ್ಲ, ಮೂರ್ಛೆರೋಗಕ್ಕೆ ಕೊಡುವ ಲ್ಯಾಮೊಟ್ರಿಜಿನ್ ನಾಟುತ್ತದೆ. ಕ್ಲಸ್ಟರ್, ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ, ಸಂಕ್ಟ್: ಮೂರೂ ಒಂದೇ ಬದಿಯ ನೋವು, ಮೂರರಲ್ಲೂ ಕಣ್ಣೀರು. ಬೇರೆ ಮಾಡುವುದು ಕೈಗಡಿಯಾರ.

ಕೆಲವು ತಲೆನೋವುಗಳಲ್ಲಿ ಗಡಿಯಾರಕ್ಕಿಂತ ಭಂಗಿ ಮುಖ್ಯ. ಜರ್ಮನ್ ಶಸ್ತ್ರಚಿಕಿತ್ಸಕ ಆಗಸ್ಟ್ ಬಿಯರ್ 1898ರಲ್ಲಿ ಬೆನ್ನುಹುರಿಯ ಅರಿವಳಿಕೆಯನ್ನು ಕಂಡುಹಿಡಿಯುವ ಉತ್ಸಾಹದಲ್ಲಿ ತನ್ನ ಬೆನ್ನಿಗೇ ಸೂಜಿ ಚುಚ್ಚಿಸಿಕೊಂಡ. ಪ್ರಯೋಗದಲ್ಲಿ ಮೆದುಳುಬಳ್ಳಿಯ ದ್ರವ ಸಾಕಷ್ಟು ಸೋರಿಹೋಯಿತು. ಮರುದಿನದಿಂದ ಎದ್ದು ನಿಂತರೆ ತಲೆನೋವು, ಮಲಗಿದರೆ ಮಾಯ. ಒಂಬತ್ತು ದಿನ ಹಾಸಿಗೆ ಹಿಡಿದ. ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕಿಸಿಕೊಂಡ ಎಷ್ಟೋ ಬಾಣಂತಿಯರಿಗೆ ಈ ಅನುಭವ ಗೊತ್ತಿರುತ್ತದೆ. ಕೆಲವರಿಗೆ ಯಾವ ಸೂಜಿಯೂ ಇಲ್ಲದೆ, ಬೆನ್ನುಮೂಳೆಯ ಪೊರೆ ತಾನಾಗಿ ಹರಿದು ಅದೇ ದ್ರವ ಸೋರತೊಡಗುತ್ತದೆ. ಬೆಳಗ್ಗೆ ಎದ್ದಾಗ ಚೆನ್ನಾಗಿರುವ ತಲೆ ಹೊತ್ತೇರಿದಂತೆ ಕೆಡುತ್ತದೆ, ಮಧ್ಯಾಹ್ನ ಅರ್ಧ ಗಂಟೆ ಅಡ್ಡಾದರೆ ಸುಧಾರಿಸುತ್ತದೆ. ಮೆದುಳಿನ ಎಂಆರ್‌ಐ ಕೆಲವರಲ್ಲಿ ಪೂರ್ತಿ ಸರಿಯಾಗಿಯೇ ಕಾಣುತ್ತದೆ. ಚಿಕಿತ್ಸೆ ಕೇಳಿದರೆ ಅಚ್ಚರಿಯಾಗಬೇಕು: ರೋಗಿಯದೇ ರಕ್ತವನ್ನು ತೆಗೆದು ಬೆನ್ನುಹುರಿಯ ಪೊರೆಯ ಹೊರಗೆ ಚುಚ್ಚಿ ತೂತಿಗೆ ತೇಪೆ ಹಾಕುವುದು. 1960ರಲ್ಲಿ ಅಮೆರಿಕದ ಜೇಮ್ಸ್ ಗೋರ್ಮ್‌ಲಿ ಇದನ್ನು ಮೊದಲು ವರದಿ ಮಾಡಿದರು.

ಇನ್ನೊಂದಿದೆ, ಅದನ್ನು ಕೇಳಿದರೆ ಕಾಫಿ ಪ್ರಿಯರು ಖುಷಿಪಡುತ್ತಾರೆ. ಐವತ್ತು ದಾಟಿದವರನ್ನು ಹೆಚ್ಚಾಗಿ ಹಿಡಿಯುವ, ನಿದ್ದೆಯಲ್ಲಿ ಮಾತ್ರ ಬರುವ, ರಾತ್ರಿ ಅದೇ ಹೊತ್ತಿಗೆ ಎಬ್ಬಿಸುವ ಹಿಪ್ನಿಕ್ ತಲೆನೋವು. ಅಮೆರಿಕದ ನೀಲ್ ರಾಸ್ಕಿನ್ 1988ರಲ್ಲಿ ಇದನ್ನು ಗುರುತಿಸಿದರು. ಮಲಗುವ ಮುನ್ನ ಒಂದು ಲೋಟ ಗಟ್ಟಿ ಕಾಫಿ ಕುಡಿಯುವುದು ಇದಕ್ಕೆ ವೈದ್ಯರೇ ಹೇಳುವ ಔಷಧಗಳಲ್ಲೊಂದು, ಬಹುಪಾಲು ರೋಗಿಗಳಿಗೆ ಅದರಿಂದ ನಿದ್ದೆಯೂ ಕೆಡುವುದಿಲ್ಲ. ಹಾಗೆಂದು ಆ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ತಲೆನೋವಿಗೆ ಕಾಫಿ ಕುಡಿದು ಸುಮ್ಮನಿರುವುದು ತಪ್ಪು. ಕಣತಲೆಯ ರಕ್ತನಾಳದ ಉರಿಯೂತವೂ ಐವತ್ತರ ಮೇಲೆಯೇ ಬರುತ್ತದೆ. ನೆತ್ತಿ ಮುಟ್ಟಿದರೆ ನೋವು, ಊಟ ಅಗಿಯುವಾಗ ದವಡೆ ನೋವು ಜೊತೆಗಿದ್ದರೆ ಇಎಸ್ಆರ್ ರಕ್ತಪರೀಕ್ಷೆ ಅಂದೇ ಆಗಬೇಕು, ತಡವಾದರೆ ದೃಷ್ಟಿ ಹೋಗುತ್ತದೆ.

ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತುತ್ತತುದಿಗೇರಿದ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಬಾಣಂತನದಲ್ಲಿ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು: ಇವೆಲ್ಲ ಈ ಅಂಕಣದ ವಿಷಯವಲ್ಲ, ತುರ್ತು ಚಿಕಿತ್ಸಾ ಘಟಕದ ವಿಷಯ.

ಸರಿಯಾದ ಹೆಸರು ಸಿಗುವುದನ್ನು ತಡಮಾಡುವ ಇನ್ನೊಂದು ಸಂಗತಿ ರೋಗಿಯ ಜೇಬಿನಲ್ಲೇ ಇರುತ್ತದೆ. ವರ್ಷಗಟ್ಟಲೆ ನೋವು ತಿಂದವರು ನೋವುನಿವಾರಕ ನುಂಗದೆ ಇರುವುದು ಹೇಗೆ? ಆದರೆ ಸಾದಾ ನೋವುನಿವಾರಕವನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳು ದಾಟಿಸಿದರೆ ಆ ಮಾತ್ರೆಯೇ ತಲೆನೋವು ಹುಟ್ಟಿಸತೊಡಗುತ್ತದೆ. ಮೂಲ ನೋವಿನ ಮೇಲೆ ಇದೊಂದು ಹೊದಿಕೆ ಬಿದ್ದರೆ ಗಡಿಯಾರದ ಗುರುತುಗಳೆಲ್ಲ ಅಳಿಸಿಹೋಗಿ, ತಜ್ಞರಿಗೂ ಕೆಳಗಿನದು ಯಾವುದೆಂದು ಕಾಣುವುದಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಯನ್ನು ಔಷಧವೆಂದೇ ಎಣಿಸದವರು ನಮ್ಮಲ್ಲಿ ಬಹಳ. ‘ಏನಾದರೂ ಔಷಧಿ ತಗೋತಿದ್ದೀರಾ?’ ಎಂದರೆ ‘ಏನೂ ಇಲ್ಲ ಸಾರ್’ ಎನ್ನುತ್ತಾರೆ, ಚೀಲದಲ್ಲಿ ಎರಡು ಪಟ್ಟಿ ಇರುತ್ತವೆ.

ಕೇಳುವ ಪ್ರಶ್ನೆಗಳೂ ಊರಿಗೆ ತಕ್ಕಂತೆ ಇರಬೇಕು. ಮುಂಬೈಯ ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ 94 ಭಾರತೀಯ ರೋಗಿಗಳ ವಿವರ ಪ್ರಕಟಿಸಿದರು. ಅವರೆಲ್ಲರಿಗೂ ತಲೆಗೆ ಸ್ನಾನ ಮಾಡಿದರೆ ಮೈಗ್ರೇನ್ ಬರುತ್ತಿತ್ತು. ಉದ್ದ ಕೂದಲಿಗೆ ಎಣ್ಣೆ ಹಚ್ಚಿ, ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಓಡಾಡುವ ನಮ್ಮ ಹೆಂಗಸರಿಗೆ ಇದು ಹೊಸ ವಿಷಯವೇ ಅಲ್ಲ. ಪಶ್ಚಿಮದ ಪಠ್ಯಪುಸ್ತಕಗಳ ಪಟ್ಟಿಯಲ್ಲಿ ಚೀಸ್, ಚಾಕೊಲೆಟ್, ಕೆಂಪು ವೈನ್ ಇದ್ದವು, ತಲೆಸ್ನಾನ ಇರಲಿಲ್ಲ. ಪಟ್ಟಿ ಹಿಡಿದು ಕೇಳುವ ವೈದ್ಯರಿಗೆ ಈ ಉತ್ತರ ಸಿಗುವುದಿಲ್ಲ, ‘ನೀವೇ ಹೇಳಿ’ ಎಂದು ಸುಮ್ಮನೆ ಕೂತವರಿಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದು ನಿಮಿಷವೂ ಕೊಡಲಾಗದ ವೈದ್ಯರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ, ನಿಜ. ಆದ್ದರಿಂದಲೇ ಆ ಐದು ನಿಮಿಷಕ್ಕೆ ರೋಗಿ ತಯಾರಾಗಿ ಹೋಗಬೇಕಾಗುತ್ತದೆ.

ವರ್ಷಗಳಿಂದ ಒಂದೇ ಬದಿಯ ತಲೆನೋವು ಹೊತ್ತು ತಿರುಗುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮತ್ತೊಂದು ಸ್ಕ್ಯಾನಿಗೆ ಹಣ ಕಟ್ಟುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ನೋವು ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ಇತ್ತು, ಯಾವ ಬದಿ, ಕಣ್ಣು ಮೂಗಿನಲ್ಲಿ ಏನಾಯಿತು, ಮಲಗಿದಿರೋ ಓಡಾಡಿದಿರೋ, ಯಾವ ಮಾತ್ರೆ ಎಷ್ಟು ನುಂಗಿದಿರಿ. ದಾಳಿಯನ್ನು ಕಣ್ಣಾರೆ ಕಂಡವರೊಬ್ಬರನ್ನು ಜೊತೆಗೆ ಕರೆದುಕೊಂಡು ನರರೋಗ ತಜ್ಞರ ಬಳಿ ಹೋಗಿ. ಹಳೆಯ ಚೀಟಿಗಳಲ್ಲಿ ಇಂಡೊಮೆಥಾಸಿನ್ ಇದ್ದರೆ ಎಷ್ಟು ಮಿಲಿಗ್ರಾಮ್, ಎಷ್ಟು ದಿನ ಎಂದು ಗುರುತು ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ, ನನ್ನ ನೋವಿಗೆ ಅದನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ನೋಡಬಹುದೇ, ಆಮ್ಲಜನಕ ಪ್ರಯತ್ನಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಿ.